ಹಳೆಯ ಬ್ಯಾಗ್‌ಪೈಪ್ ಮಟ್ಟುಗಳನ್ನು ಕೇಳುವುದು, ಹಾಡುವುದು, ಹುಡುಕುವುದು ಹೇಗೆ?

ಬ್ಯಾಗ್‌ಪೈಪ್ ಎಂದ ಕೂಡಲೇ ನಮಗೆ ನೆನಪಾಗುವುದು ಗಣರಾಜ್ಯೋತ್ಸವದ ಪೆರೇಡು. ಸೇನೆಯ ಬ್ಯಾಂಡು ಹೆಜ್ಜೆ ಹಾಕುತ್ತಾ ಬರುತ್ತದೆ, ಡ್ರಮ್ಮು ಗುಡುಗುತ್ತದೆ, ಇಪ್ಪತ್ತು ಪೈಪುಗಳು ಒಟ್ಟಿಗೆ ದನಿ ಎತ್ತುತ್ತವೆ, ಎರಡು ನಿಮಿಷದಲ್ಲಿ ಎಲ್ಲವೂ ಮುಂದೆ ಸಾಗಿಬಿಡುತ್ತದೆ. ನಾನೂ ಎಷ್ಟೋ ವರ್ಷ ಕೇಳಿದ್ದು ಅಷ್ಟೇ. ಆಮೇಲೆ ಒಂದು ರಾತ್ರಿ, ಒಬ್ಬರೇ ಪೈಪರ್ ನುಡಿಸಿದ ಹಳೆಯ ಶೋಕದ ಮಟ್ಟೊಂದನ್ನು ಹೆಡ್‌ಫೋನಿನಲ್ಲಿ ಕೇಳಿದೆ. ಡ್ರಮ್ಮಿಲ್ಲ, ಹೆಜ್ಜೆಯ ಲೆಕ್ಕವಿಲ್ಲ. ಕಾಲು ಗಂಟೆ ಒಂದೇ ಮಟ್ಟು ನಿಧಾನವಾಗಿ ಬಿಚ್ಚಿಕೊಳ್ಳುತ್ತಾ ಹೋಯಿತು. ತಲೆಬುಡ ತಿಳಿಯಲಿಲ್ಲ. ಆದರೆ ಮರುದಿನವೂ ಅದನ್ನೇ ಹಾಕಿಕೊಂಡು ಕೂತೆ.

ಆ ಸಂಗೀತದೊಳಗೆ ಹೋಗಲು ನನಗೆ ದಾರಿ ತೋರಿಸಿದ್ದು ಸ್ಕಾಟ್ಲೆಂಡಿನ ಪುಸ್ತಕಗಳಿಗಿಂತ ಜಾಸ್ತಿ ನಮ್ಮದೇ ಶ್ರುತಿಪೆಟ್ಟಿಗೆ ಮತ್ತು ಸ ರಿ ಗ ಮ. ಅದೇ ದಾರಿಯನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ನೀವು ವಾದ್ಯ ಕಲಿತಿರಬೇಕೆಂದಿಲ್ಲ. ಒಂದು ಫೋನು, ಒಳ್ಳೆಯ ಹೆಡ್‌ಫೋನು, ತಂಬೂರಿ ಆ್ಯಪು, ಒಂದು ನೋಟ್‌ಪುಸ್ತಕ ಇದ್ದರೆ ಸಾಕು.

ಬ್ಯಾಗ್‌ಪೈಪ್ ಸ್ಕಾಟ್ಲೆಂಡಿನದ್ದು ಮಾತ್ರವಲ್ಲ. ಐರ್ಲೆಂಡಿನಿಂದ ಬಲ್ಗೇರಿಯಾದವರೆಗೆ ಊರಿಗೊಂದು ಬಗೆ ಇದೆ. ನಮ್ಮ ಗಢವಾಲ, ಕುಮಾವೂಂ ಕಡೆ ಮದುವೆ ದಿಬ್ಬಣದಲ್ಲಿ ಮಶಕ್‌ಬೀನ್ ನುಡಿಸುತ್ತಾರೆ. ಆದರೆ ಮೊದಲಿಗೆ ಒಂದನ್ನೇ ಹಿಡಿದುಕೊಳ್ಳುವುದು ಒಳ್ಳೆಯದು. ಸ್ಕಾಟ್ಲೆಂಡಿನ ಬೆಟ್ಟಸೀಮೆಯಾದ ಹೈಲ್ಯಾಂಡಿನ ಪೈಪನ್ನೇ ನಾನು ಹೇಳುತ್ತೇನೆ, ಯಾಕೆಂದರೆ ಅದರ ಹಳೆಯ ಮಟ್ಟುಗಳ ಹಸ್ತಪ್ರತಿ, ಹಾಡಿಕೆ, ಧ್ವನಿಮುದ್ರಣ ಎಲ್ಲವೂ ಮನೆಯಲ್ಲಿ ಕೂತೇ ಸಿಗುತ್ತವೆ.

ಹೆಜ್ಜೆ 1: ಮಟ್ಟನ್ನು ಬಿಡಿ, ಮೊದಲು ಶ್ರುತಿ ಕೇಳಿ

ಪೈಪರ್ ಭುಜದ ಮೇಲೆ ಎದ್ದು ನಿಂತಿರುವ ಮೂರು ಕೊಳವೆಗಳಿಗೆ ಡ್ರೋನ್ ಎನ್ನುತ್ತಾರೆ. ಮೂರೂ ಹಿಡಿಯುವುದು ಷಡ್ಜವನ್ನೇ. ಎರಡು ಚಿಕ್ಕ ಡ್ರೋನುಗಳು ಚಾಂಟರಿನ ಷಡ್ಜಕ್ಕಿಂತ ಒಂದು ಸ್ಥಾಯಿ ಕೆಳಗೆ, ಉದ್ದನೆಯದು ಎರಡು ಸ್ಥಾಯಿ ಕೆಳಗೆ. ಬೆರಳಾಡಿಸುವ ಕೊಳವೆಯೇ ಚಾಂಟರ್. ಚೀಲದ ಕೆಲಸ ತಿದಿಯದ್ದು. ಪೈಪರ್ ಉಸಿರು ಎಳೆದುಕೊಳ್ಳುವಾಗ ತೋಳಿನಿಂದ ಚೀಲ ಅದುಮುತ್ತಾರೆ, ಹಾಗಾಗಿ ನಾದ ಎಲ್ಲೂ ಕಡಿಯುವುದಿಲ್ಲ.

ಮೊದಲ ಎರಡು ಮೂರು ದಿನ ಮಟ್ಟಿನ ಹಿಂದೆ ಹೋಗಬೇಡಿ. ದನಿ ಕಮ್ಮಿ ಇಟ್ಟುಕೊಂಡು ಡ್ರೋನನ್ನು ಮಾತ್ರ ಕೇಳಿ. ಅದರ ಜೊತೆ 'ಸಾ' ಎಂದು ಬಾಯಿಮುಚ್ಚಿ ಗುನುಗಿ. ಸ್ವಲ್ಪ ಹೊತ್ತಿಗೆ ಚಾಂಟರಿನ ಪ್ರತಿ ಸ್ವರವೂ ಆ ಷಡ್ಜಕ್ಕೆ ಹೇಗೆ ಒರಗುತ್ತದೆ, ಹೇಗೆ ಉಜ್ಜುತ್ತದೆ ಎನ್ನುವುದು ಕಿವಿಗೆ ಹತ್ತುತ್ತದೆ. ಪಂಚಮ ಬಂದಾಗ ಇಡೀ ವಾದ್ಯ ಒಮ್ಮೆ ಹೊಳೆಯುತ್ತದೆ. ನಿಷಾದ ಬಂದಾಗ ಏನೋ ಎಳೆದಂತಾಗುತ್ತದೆ. ಈ ಸಂಗೀತದ ಭಾವವೆಲ್ಲ ಇರುವುದು ಅಲ್ಲೇ. ತಂಬೂರಿ ಕೇಳಿ ಬೆಳೆದ ಕಿವಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ, ಅಲ್ವಾ? ನಮ್ಮ ಯಕ್ಷಗಾನದಲ್ಲೂ ಹಾರ್ಮೋನಿಯಂ ಬರುವ ಮೊದಲು ಶ್ರುತಿಗೆ ಪುಂಗಿ ಊದುತ್ತಿದ್ದರು. ತೊಗಲಿನ ಚೀಲದಿಂದ ಶ್ರುತಿ ಹಿಡಿಯುವ ತಿತ್ತಿ ಎಂಬ ವಾದ್ಯ ಆಂಧ್ರ, ತಮಿಳುನಾಡಿನ ಕಡೆಯೂ ಇತ್ತು.

ತಂಬೂರಿ ಆ್ಯಪನ್ನು ಹೊಂದಿಸಿಕೊಳ್ಳಬೇಕಾದರೆ ಹಾರ್ಮೋನಿಯಂ ಲೆಕ್ಕದ ಕಪ್ಪು ಐದನ್ನು ಇಟ್ಟುಕೊಂಡು, ಅಲ್ಲಿಂದ ಕೂದಲೆಳೆಯಷ್ಟು ಮೇಲೆ ಏರಿಸಿ. ಸ್ಕಾಟ್ಲೆಂಡಿನವರು ಈ ಸ್ವರವನ್ನು 'ಎ' ಎಂದು ಬರೆಯುತ್ತಾರೆ. ಆದರೆ ಇಂದಿನ ಪೈಪುಗಳ ಶ್ರುತಿ ಬಿ ಫ್ಲ್ಯಾಟ್‌ಗಿಂತಲೂ ತುಸು ಮೇಲಿದೆ. ಹಳೆಯ ಧ್ವನಿಮುದ್ರಣಗಳಲ್ಲಿ ಶ್ರುತಿ ಇನ್ನೂ ಕೆಳಗಿರುತ್ತದೆ. ಆಗ ಕಿವಿಯಿಂದಲೇ ಹೊಂದಿಸಿಕೊಳ್ಳಿ.

ಹೆಜ್ಜೆ 2: ಒಂಬತ್ತು ಸ್ವರಗಳನ್ನು ನಮ್ಮ ಹೆಸರಿನಲ್ಲಿ ಬರೆದುಕೊಳ್ಳಿ

ಚಾಂಟರಿನಲ್ಲಿ ಇರುವುದು ಒಂಬತ್ತೇ ಸ್ವರ. ಕೆಳಗಿನಿಂದ ಮೇಲಕ್ಕೆ: ಮಂದ್ರದ ನಿ, ಆಮೇಲೆ ಸ ರಿ ಗ ಮ ಪ ದ ನಿ, ಕೊನೆಗೆ ತಾರ ಸ. ಚತುಶ್ರುತಿ ರಿಷಭ, ಅಂತರ ಗಾಂಧಾರ, ಶುದ್ಧ ಮಧ್ಯಮ, ಚತುಶ್ರುತಿ ಧೈವತ, ಕೈಶಿಕಿ ನಿಷಾದ. ಅಂದರೆ ಹರಿಕಾಂಬೋಧಿಯ ಸ್ವರಗಳು. ಇದನ್ನು ನೋಟ್‌ಪುಸ್ತಕದ ಮೊದಲ ಪುಟದಲ್ಲೇ ಬರೆದಿಡಿ.

ಇನ್ನು ನನಗೆ ತುಂಬ ಖುಷಿ ಕೊಟ್ಟ ವಿಷಯ. ಹಳೆಯ ಪೈಪ್ ಮಟ್ಟುಗಳಲ್ಲಿ ಬಹಳಷ್ಟು ಐದೈದು ಸ್ವರದವು. ಆ ಐದರ ಗುಂಪುಗಳು ಮುಖ್ಯವಾಗಿ ಮೂರು. ಒಂದರಲ್ಲಿ ಸ ರಿ ಗ ಪ ದ. ಇನ್ನೊಂದರಲ್ಲಿ ಸ ರಿ ಮ ಪ ದ. ಮತ್ತೊಂದರಲ್ಲಿ ಸ ರಿ ಮ ಪ ನಿ. ನಿಮಗೆ ಆಗಲೇ ಹೊಳೆದಿರಬೇಕು: ಮೋಹನ, ಶುದ್ಧ ಸಾವೇರಿ, ಮಧ್ಯಮಾವತಿ! ಮಟ್ಟೊಂದನ್ನು ಕೇಳುವಾಗ ಗಾಂಧಾರ ಬಂತೇ, ಮಧ್ಯಮ ಬಂತೇ, ಧೈವತವೋ ನಿಷಾದವೋ ಎಂದು ಗುರುತು ಹಾಕುತ್ತಾ ಹೋಗಿ. ಯಾವ ಗುಂಪು ಎಂದು ತಿಳಿದರೆ ಅರ್ಧ ಮಟ್ಟು ಕೈಗೆ ಬಂದಂತೆ. ಎಷ್ಟೋ ಮಟ್ಟುಗಳು ನಡುವೆ ಒಂದು ಗುಂಪಿನಿಂದ ಇನ್ನೊಂದಕ್ಕೆ ದಾಟುತ್ತವೆ. ಆ ದಾಟುವ ಜಾಗದಲ್ಲೇ ಎದೆ ಜುಮ್ಮೆನ್ನುವುದು.

ಹಾಗಂತ ಇವು ರಾಗಗಳಲ್ಲ. ಮೋಹನದ ಸಂಚಾರ, ಗಮಕ ಇಲ್ಲಿ ಹುಡುಕಬೇಡಿ. ಸ್ವರ ಗುರುತಿಸಲು ಇದೊಂದು ಆಸರೆ, ಅಷ್ಟೇ. ಇನ್ನೊಂದು ವಿಷಯ: ಮಟ್ಟಿನ ಮನೆ ಎಲ್ಲ ಸಲವೂ ಡ್ರೋನಿನ ಷಡ್ಜದಲ್ಲೇ ಇರುವುದಿಲ್ಲ. 'ಅಮೇಜಿಂಗ್ ಗ್ರೇಸ್' ಪೈಪಿನಲ್ಲಿ ಮಧ್ಯಮದ ಮೇಲೆ ನಿಲ್ಲುತ್ತದೆ. ಮಧ್ಯಮವನ್ನೇ ಸ ಎಂದು ಹಿಡಿದರೆ ಅದು ಮೋಹನದ ಸ್ವರಗಳಾಗಿ ಕೇಳುತ್ತದೆ, ಡ್ರೋನು ಪಂಚಮವಾಗುತ್ತದೆ. ನಮ್ಮ ಮಧ್ಯಮ ಶ್ರುತಿಯ ಹಾಡಿಕೆ ಗೊತ್ತಿದ್ದವರಿಗೆ ಇದು ಹೊಸತೇನಲ್ಲ. ಅಂದಹಾಗೆ, ಈ ಹಾಡನ್ನು ಪುರಾತನ ಪೈಪ್ ಮಟ್ಟು ಎಂದು ಬಹಳ ಜನ ನಂಬಿದ್ದಾರೆ. ಇದು ಪೈಪಿನ ಹಾಡಾಗಿ ಲೋಕಪ್ರಿಯವಾದದ್ದು 1972ರಲ್ಲಿ, ಸ್ಕಾಟ್ಲೆಂಡಿನ ಒಂದು ಸೇನಾ ಬ್ಯಾಂಡಿನ ರೆಕಾರ್ಡಿನಿಂದ.

ಹೆಜ್ಜೆ 3: ಚಿಕ್ಕ ಸಂಗೀತದಿಂದ ದೊಡ್ಡ ಸಂಗೀತಕ್ಕೆ

ಹೈಲ್ಯಾಂಡಿನವರ ಗೇಲಿಕ್ ಭಾಷೆಯಲ್ಲಿ ಪೈಪಿನ ಸಂಗೀತವನ್ನು ಎರಡಾಗಿ ವಿಂಗಡಿಸುತ್ತಾರೆ. ಕ್ಯೋಲ್ ಬೆಗ್ ಎಂದರೆ ಚಿಕ್ಕ ಸಂಗೀತ: ಮಾರ್ಚು, ರೀಲು, ಜಿಗ್ಗು, ಸ್ಟ್ರಾಥ್‌ಸ್ಪೇ. ನಡೆಯಲು, ಕುಣಿಯಲು. ಕ್ಯೋಲ್ ಮೋರ್ ಎಂದರೆ ದೊಡ್ಡ ಸಂಗೀತ. ಇದಕ್ಕೇ ಪೀಬ್ರಾಖ್ ಎಂಬ ಹೆಸರೂ ಇದೆ. ಹುಡುಕುವಾಗ ಇಂಗ್ಲಿಷಿನಲ್ಲಿ ಪಿ, ಐ, ಬಿ, ಆರ್, ಒ, ಸಿ, ಎಚ್ ಎಂದು ಟೈಪ್ ಮಾಡಿ.

ಚಿಕ್ಕ ಸಂಗೀತದಲ್ಲಿ ಒಂದು ವಾರ ಕಳೆಯಿರಿ, ಸಾಕು. 'ಗ್ರೀನ್ ಹಿಲ್ಸ್ ಆಫ್ ಟಿರೋಲ್' ಕೇಳಿ. ಕ್ರಿಮಿಯಾ ಯುದ್ಧದ ಹೊತ್ತಿನಲ್ಲಿ ಪೈಪ್ ಮೇಜರ್ ಜಾನ್ ಮ್ಯಾಕ್‌ಲಿಯೋಡ್ ಸಾರ್ಡೀನಿಯಾದ ಸೇನಾ ಬ್ಯಾಂಡು ನುಡಿಸಿದ್ದನ್ನು ಕೇಳಿ ಪೈಪಿಗೆ ಒಗ್ಗಿಸಿದ ಮಟ್ಟು ಇದು. ಅದರ ಮೂಲ ಇಟಲಿಯ ರೊಸ್ಸಿನಿಯ ಒಂದು ಆಪೆರಾ. ಸ್ಕಾಟ್ಲೆಂಡಿನದ್ದೇ ಎಂದು ಲೋಕವೆಲ್ಲ ನಂಬಿದ ಮಟ್ಟು ಹೀಗೆ ಎಲ್ಲಿಂದಲೋ ಬಂದಿರುತ್ತದೆ.

ಈ ಮಟ್ಟುಗಳನ್ನು ಕೇಳುವಾಗ ಮುಖ್ಯ ಸ್ವರಗಳ ನಡುವೆ ಪಟಪಟನೆ ಚಿಮ್ಮುವ ಸಣ್ಣ ಸ್ವರಗಳಿಗೆ ಕಿವಿ ಕೊಡಿ. ಪೈಪಿನಲ್ಲಿ ದನಿ ಏರಿಸಲು ಇಳಿಸಲು ಆಗುವುದಿಲ್ಲ. ನಡುವೆ ನಿಲ್ಲಿಸಲೂ ಆಗುವುದಿಲ್ಲ. ನಾಗಸ್ವರದಂತೆ ನಾಲಿಗೆಯಿಂದ ಸ್ವರ ಕತ್ತರಿಸೋಣ ಎಂದರೆ ದನಿ ಹೊರಡಿಸುವ ಪೀಪಿ (ರೀಡ್) ಇರುವುದು ಚೀಲದ ಆಚೆ, ಬಾಯಿಗೆ ಎಟುಕುವುದೇ ಇಲ್ಲ. ಹಾಗಿರುವಾಗ 'ಸ ಸ' ಎಂದು ಎರಡು ಸಲ ನುಡಿಸುವುದು ಹೇಗೆ? ನಡುವೆ ಮಿಂಚಿನಂತೆ ಬೇರೊಂದು ಸ್ವರ ತಾಗಿಸಿ ಬಿಡಬೇಕು. ಈ ತಾಗಿಸುವಿಕೆಯೇ ನೂರಾರು ವರ್ಷಗಳಲ್ಲಿ ಬೆಳೆದು ದೊಡ್ಡ ಕಲೆಯಾಗಿದೆ.

ಈಗ ಪೀಬ್ರಾಖ್. ಒಂದೇ ಮಟ್ಟನ್ನು ಆರಿಸಿಕೊಳ್ಳಿ. ನಾನು ಹೇಳುವುದಾದರೆ 'ಲ್ಯಾಮೆಂಟ್ ಫಾರ್ ದ ಚಿಲ್ಡ್ರನ್', ಮಕ್ಕಳಿಗಾಗಿ ಶೋಕ. ಸ್ಕೈ ದ್ವೀಪದ ಪ್ಯಾಟ್ರಿಕ್ ಮೋರ್ ಮ್ಯಾಕ್‌ಕ್ರಿಮ್ಮನ್ ಇದನ್ನು ಕಟ್ಟಿದನೆಂದು ಹೇಳಿಕೆ. ಅವನಿಗೆ ಎಂಟು ಗಂಡುಮಕ್ಕಳಿದ್ದರಂತೆ, ಒಂದೇ ವರ್ಷದಲ್ಲಿ ಏಳು ಮಕ್ಕಳು ತೀರಿಕೊಂಡರಂತೆ. ಮ್ಯಾಕ್‌ಕ್ರಿಮ್ಮನ್ ಮನೆತನದವರು ಡನ್‌ವೆಗನ್ ಕೋಟೆಯ ಮ್ಯಾಕ್‌ಲಿಯೋಡ್ ದೊರೆಗಳಿಗೆ ತಲೆಮಾರುಗಳ ಕಾಲ ಪೈಪರುಗಳಾಗಿದ್ದರು. ಬೊರೆರೇಗ್ ಎಂಬಲ್ಲಿ ಇದ್ದುಕೊಂಡು ಬೇರೆ ಊರಿನವರಿಗೂ ಕಲಿಸುತ್ತಿದ್ದರು.

ಪೀಬ್ರಾಖಿನ ಮೊದಲ ಭಾಗಕ್ಕೆ ಊರ್ಲರ್ ಎಂದು ಹೆಸರು. ಗೇಲಿಕ್‌ನಲ್ಲಿ ಹಾಗೆಂದರೆ ನೆಲ. ಮಟ್ಟಿನ ಮೂಲರೂಪ ನಿಧಾನವಾಗಿ ಅಲ್ಲಿ ಹರಡಿಕೊಳ್ಳುತ್ತದೆ. ಆಮೇಲೆ ಒಂದಾದ ಮೇಲೊಂದು ಮಾರ್ಪಾಟುಗಳು. ಮೊದಲು ಮಟ್ಟು ಸಣ್ಣದಾಗಿ, ಎಲುಬು ಮಾತ್ರ ಉಳಿಯುತ್ತದೆ. ನಂತರ ಟೂರ್ಲುವಾ ಎಂಬ ಬೆರಳಾಟ ಶುರು: ಮಟ್ಟಿನ ಪ್ರತಿ ಮುಖ್ಯ ಸ್ವರದ ಬೆನ್ನಿಗೆ ಬೆರಳು ಮಂದ್ರ ನಿಷಾದಕ್ಕೆ ಇಳಿದು, ಚಿಮ್ಮಿ, ಷಡ್ಜಕ್ಕೆ ಬಂದು ನಿಲ್ಲುತ್ತದೆ. ಅದರಾಚೆ ಕ್ರುನ್ಲುವಾ. ಅದೂ ಹಾಗೆಯೇ ಇಳಿಯುತ್ತದೆ, ಆದರೆ ಇನ್ನಷ್ಟು ಚಿಮ್ಮಿ ಪಂಚಮಕ್ಕೆ ಏರಿ ನಿಲ್ಲುತ್ತದೆ. ಬೆರಳು ಎಷ್ಟೇ ವೇಗವಾಗಿ ಓಡಿದರೂ ನಿಮಗೆ ಈ ಗುರುತು ಸಾಕು: ಷಡ್ಜದಲ್ಲಿ ನಿಂತರೆ ಟೂರ್ಲುವಾ, ಪಂಚಮದಲ್ಲಿ ನಿಂತರೆ ಕ್ರುನ್ಲುವಾ. ಎಲ್ಲ ಮುಗಿದ ಮೇಲೆ ಪೈಪರ್ ಮತ್ತೆ ಊರ್ಲರಿನ ಮೊದಲ ಸಾಲಿಗೆ ಬರುತ್ತಾರೆ.

ಕೇಳುವಾಗ ಪೆನ್ನು ಹಿಡಿದುಕೊಳ್ಳಿ. ಊರ್ಲರ್ ಮುಗಿದದ್ದು ಎಷ್ಟನೇ ನಿಮಿಷಕ್ಕೆ, ಟೂರ್ಲುವಾ ಎಲ್ಲಿಂದ ಎಂದು ಗೀಚಿಕೊಳ್ಳಿ. ಮೊದಲ ಸಲ ತಪ್ಪುತ್ತದೆ. ಮೂರನೇ ಸಲಕ್ಕೆ ಸರಿಹೋಗುತ್ತದೆ. ಒಂದು ತಿಂಗಳು ಇದೊಂದೇ ಮಟ್ಟನ್ನು ಕೇಳಿ. ಸುಮ್ನೆ ಹತ್ತು ಮಟ್ಟು ಕೇಳಿ ಮರೆಯುವುದಕ್ಕಿಂತ ಇದು ಎಷ್ಟೋ ವಾಸಿ.

ಹೆಜ್ಜೆ 4: ಬಾಯಲ್ಲಿ ಹಾಡಿ

ಇದು ಬಹಳ ಜನ ಬಿಟ್ಟುಬಿಡುವ ಹೆಜ್ಜೆ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯ.

ಪೈಪಿನ ಹಳೆಯ ಮಟ್ಟುಗಳು ಕಾಗದದಿಂದ ಬಂದವಲ್ಲ. ಗುರು ಹಾಡುತ್ತಿದ್ದ, ಶಿಷ್ಯ ಕೇಳಿ ಹಾಡುತ್ತಿದ್ದ, ಆಮೇಲೆ ಬೆರಳಿಗೆ ತರುತ್ತಿದ್ದ. ಆ ಹಾಡಿಕೆಗೆ ಕಾಂಟರಖ್ ಎಂದು ಹೆಸರು. ನಮ್ಮ ಮೃದಂಗದವರು ಜತಿ ಹೇಳುವುದಿಲ್ಲವೇ, ಹಾಗೆ ಇಲ್ಲೂ ಕೆಲವು ಅಕ್ಷರಗಳಿವೆ. ಆದರೆ ಇಲ್ಲಿ ಅಕ್ಷರವೇ ಸ್ವರವನ್ನೂ ಬೆರಳಾಟವನ್ನೂ ಒಟ್ಟಿಗೆ ಹೇಳಿಬಿಡುತ್ತದೆ.

1797ರಲ್ಲಿ ಆರ್ಗೈಲ್ ಸೀಮೆಯ ಕಾಲಿನ್ ಕ್ಯಾಂಪ್‌ಬೆಲ್ ಎಂಬ ಪೈಪರ್ ಇಂಥ ಅಕ್ಷರಗಳಲ್ಲೇ ನೂರಾರು ಪುಟ ಮಟ್ಟುಗಳನ್ನು ಬರೆದಿಟ್ಟ. ಐದು ಗೆರೆಯ ಪಾಶ್ಚಾತ್ಯ ಸ್ವರಲಿಪಿಯನ್ನು ಅವನು ಬಳಸಲೇ ಇಲ್ಲ. ಬರೀ ಅಕ್ಷರ, ಸಾಲು ಸಾಲಾಗಿ. ಆ ಎರಡು ಸಂಪುಟಗಳು ಈಗ ಎಡಿನ್‌ಬರೋದ ಸ್ಕಾಟ್ಲೆಂಡ್ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ. ಅವನ ಕ್ರಮದಲ್ಲಿ ಸ ಎಂದರೆ ಹಿನ್, ರಿ ಎಂದರೆ ಹಿಯೊ, ಗ ಎಂದರೆ ಹೊ, ಮ ಎಂದರೆ ಹಾ, ಪ ಎಂದರೆ ಚೆ. ಟೂರ್ಲುವಾ ಸೇರಿದರೆ ಹಿಂದೆ 'ದಾರಿದ್' ಹತ್ತಿಕೊಳ್ಳುತ್ತದೆ, ಕ್ರುನ್ಲುವಾ ಆದರೆ 'ಬಾಂದ್ರೆ'.

ಹೀಗೆ ಅಭ್ಯಾಸ ಮಾಡಿ. ತಂಬೂರಿ ಹಾಕಿಕೊಂಡು ಸ ರಿ ಗ ಮ ಪ ನಿಧಾನವಾಗಿ ಹಾಡಿ. ಅದೇ ಸ್ವರಗಳಿಗೆ ಹಿನ್, ಹಿಯೊ, ಹೊ, ಹಾ, ಚೆ ಎನ್ನಿ. ಬಾಯಿಗೆ ಕೂತ ಮೇಲೆ ಹಿನ್‌ದಾರಿದ್, ಹಿಯೊದಾರಿದ್, ಹೊದಾರಿದ್, ಹಾದಾರಿದ್, ಚೆದಾರಿದ್. ಪ್ರತಿ ಸಲವೂ 'ದಾರಿದ್' ಬರುವಾಗ ಷಡ್ಜಕ್ಕೆ ಇಳಿಯಿರಿ. ಆಮೇಲೆ ಹಿನ್‌ಬಾಂದ್ರೆ, ಹಿಯೊಬಾಂದ್ರೆ. ಇಲ್ಲಿ ಕೊನೆ ಪಂಚಮದಲ್ಲಿ. ಹತ್ತು ನಿಮಿಷ ಹೀಗೆ ಹಾಡಿ, ಅದೇ ದಿನ ಹಿಂದಿನ ಧ್ವನಿಮುದ್ರಣವನ್ನು ಮತ್ತೆ ಕೇಳಿ. ನಿನ್ನೆ ಗದ್ದಲದಂತೆ ಕೇಳಿದ್ದು ಇವತ್ತು ಮಾತಿನಂತೆ ಕೇಳುತ್ತದೆ. ನನಗೆ ಆದದ್ದು ಹಾಗೆಯೇ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಹಳಬರು ಹಾಡಿದ್ದನ್ನು ಕೇಳಬೇಕೇ? ತೋಬರ್ ಅನ್ ದುವಲ್‌ಖಸ್ ಎಂಬ ಉಚಿತ ಧ್ವನಿಸಂಗ್ರಹ ಇಂಟರ್ನೆಟ್ಟಿನಲ್ಲಿದೆ. ಎಡಿನ್‌ಬರೋ ವಿಶ್ವವಿದ್ಯಾಲಯದ ಸ್ಕೂಲ್ ಆಫ್ ಸ್ಕಾಟಿಷ್ ಸ್ಟಡೀಸ್‌ನವರು ಹಳ್ಳಿ ಹಳ್ಳಿ ಸುತ್ತಿ ಮುದ್ರಿಸಿಕೊಂಡ ದನಿಗಳು ಅಲ್ಲಿವೆ. ಅಡುಗೆಮನೆಯಲ್ಲಿ ಕೂತು ಹಾಡಿದಷ್ಟು ಸಲೀಸಾಗಿ ಹಾಡುವ ಮುದುಕರ ದನಿ ಅಲ್ಲಿ ಸಿಗುತ್ತದೆ. ಅವರು ಕ್ಯಾಂಪ್‌ಬೆಲ್‌ನ ಅಕ್ಷರಗಳನ್ನೇ ಹಾಡುವುದಿಲ್ಲ, ಒಬ್ಬೊಬ್ಬರದು ಒಂದೊಂದು ರೀತಿ. ಅದರಿಂದ ಗಾಬರಿಯಾಗಬೇಡಿ.

ಹೆಜ್ಜೆ 5: ಹಳೆಯ ಹಾಳೆಗಳನ್ನು ಪಕ್ಕ ಪಕ್ಕ ಇಟ್ಟು ನೋಡಿ

ಈಗ ಕಾಗದಕ್ಕೆ ಬನ್ನಿ. ಪೈಪ್ ಸಂಗೀತದ ಬಗ್ಗೆ ಬರೆದ ಅತಿ ಹಳೆಯ ಮುಖ್ಯ ಗ್ರಂಥಕ್ಕೂ ನಮ್ಮ ದೇಶಕ್ಕೂ ನಂಟಿದೆ. ಜೋಸೆಫ್ ಮ್ಯಾಕ್‌ಡೊನಾಲ್ಡ್ ಎಂಬ ಹುಡುಗ, ಇಪ್ಪತ್ತರ ಆಸುಪಾಸಿನವನು, 1760ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕೆಲಸಕ್ಕೆಂದು ಹಡಗು ಹತ್ತಿದ. ಪೈಪ್ ನುಡಿಸುವ ಕ್ರಮವನ್ನೆಲ್ಲ ಬರೆದಿಟ್ಟ. ಕೆಲವೇ ವರ್ಷಗಳಲ್ಲಿ ಇಲ್ಲೇ ತೀರಿಕೊಂಡ. ಹಸ್ತಪ್ರತಿ ಬಂಗಾಳದಲ್ಲಿ ಸಿಕ್ಕಿ, ಸ್ಕಾಟ್ಲೆಂಡಿಗೆ ಮರಳಿ, ಅವನ ಅಣ್ಣನ ಕೈಯಿಂದ 1803ರಲ್ಲಿ ಅಚ್ಚಾಯಿತು. ಅದು ಕಳೆದುಹೋಗಿದ್ದರೆ 18ನೇ ಶತಮಾನದ ಪೈಪರುಗಳ ಬೆರಳು ಹೇಗೆ ಆಡುತ್ತಿತ್ತು ಎನ್ನುವುದರಲ್ಲಿ ಎಷ್ಟೋ ಭಾಗ ನಮಗೆ ತಿಳಿಯುತ್ತಲೇ ಇರಲಿಲ್ಲ.

ನಂತರ 1838ರಲ್ಲಿ ಆಂಗಸ್ ಮ್ಯಾಕೇ ಐದು ಗೆರೆಯ ಸ್ವರಲಿಪಿಯಲ್ಲಿ ದೊಡ್ಡ ಸಂಗ್ರಹ ತಂದ. ಮುಂದೆ ಅವನು ವಿಕ್ಟೋರಿಯಾ ರಾಣಿಯ ಮೊದಲ ಪೈಪರ್ ಆದ. ಸ್ಪರ್ಧೆಗಳು ಹೆಚ್ಚಿದಂತೆ ತೀರ್ಪುಗಾರರಿಗೆ ಒಂದೇ ಅಳತೆಗೋಲು ಬೇಕಾಯಿತು, ಅವನು ಬರೆದ ರೀತಿಯೇ ಸರಿ ಎಂದಾಯಿತು. 1903ರಲ್ಲಿ ಶುರುವಾದ ಪೀಬ್ರಾಖ್ ಸೊಸೈಟಿಯ ಅಚ್ಚಿನ ಪುಸ್ತಕಗಳು ಆ ರೀತಿಯನ್ನೇ ಇನ್ನಷ್ಟು ಗಟ್ಟಿ ಮಾಡಿದವು. ಇದರಿಂದ ಮಟ್ಟುಗಳು ಉಳಿದವು, ನಿಜ. ಆದರೆ ಒಂದೇ ಮಟ್ಟನ್ನು ನಾಲ್ಕು ಮನೆತನದವರು ನಾಲ್ಕು ರೀತಿ ನುಡಿಸುತ್ತಿದ್ದ ಸೊಗಸು ಬದಿಗೆ ಸರಿಯಿತು. ಇದು ನನಗೆ ಬೇಸರ ತರುವ ಸಂಗತಿ.

ನೀವು ಮಾಡಬೇಕಾದ್ದು ಇಷ್ಟು. ನಿಮ್ಮ ಒಂದು ಮಟ್ಟನ್ನೇ ಹಿಡಿದು ಪೀಬ್ರಾಖ್ ಸೊಸೈಟಿಯ ಜಾಲತಾಣದಲ್ಲಿ ಹುಡುಕಿ. ಹಳೆಯ ಹಸ್ತಪ್ರತಿಗಳ ಸ್ಕ್ಯಾನ್ ಪ್ರತಿಗಳು ಅಲ್ಲಿ ಸಿಗುತ್ತವೆ. ಎರಡು ಮೂರು ಹಸ್ತಪ್ರತಿಗಳಿಂದ ಊರ್ಲರಿನ ಮೊದಲ ಸಾಲನ್ನು ಮಾತ್ರ ಸ ರಿ ಗ ಮದಲ್ಲಿ, ಒಂದರ ಕೆಳಗೊಂದು ಬರೆದುಕೊಳ್ಳಿ. ಎಲ್ಲಿ ಬೇರೆಯಾಗುತ್ತದೆ ನೋಡಿ. ಒಂದು ಕಡೆ ಉದ್ದ ನಿಂತ ಸ್ವರ ಇನ್ನೊಂದರಲ್ಲಿ ಚುಟುಕಾಗಿರಬಹುದು. ಎರಡನ್ನೂ ಹಾಡಿ ನೋಡಿ, ಯಾವುದು ನಾಲಿಗೆಗೆ ಸಲೀಸು ಎಂದು ಬರೆದಿಡಿ. ಒಂದೇ ಮಟ್ಟಿಗೆ ಬೇರೆ ಬೇರೆ ಕಡೆ ಬೇರೆ ಹೆಸರೂ ಇರುತ್ತದೆ. ಹಾಗಾಗಿ ಹೆಸರನ್ನಷ್ಟೇ ನಂಬಬೇಡಿ, ಮೊದಲ ಏಳೆಂಟು ಸ್ವರಗಳನ್ನು ಹೋಲಿಸಿ.

ಹೆಜ್ಜೆ 6: ಕಥೆ ಕೇಳಿ, ಆದರೆ ಜರಡಿ ಹಿಡಿಯಿರಿ

ಪ್ರತಿ ಮಟ್ಟಿಗೂ ಒಂದು ಕಥೆ ಇದೆ. ಕಥೆಯಿಲ್ಲದೆ ಮಟ್ಟು ಸಪ್ಪೆ. ಆದರೆ ಎಲ್ಲ ಕಥೆಯೂ ನಡೆದದ್ದಲ್ಲ. 1746ರಲ್ಲಿ ಕಲೊಡನ್ ಯುದ್ಧದಲ್ಲಿ ಹೈಲ್ಯಾಂಡಿನ ಬಂಡಾಯಗಾರರು ಸೋತ ನಂತರ ಬ್ರಿಟಿಷ್ ಸರ್ಕಾರ ಬ್ಯಾಗ್‌ಪೈಪನ್ನು ಕಾನೂನು ಮಾಡಿ ನಿಷೇಧಿಸಿತು ಎಂದು ಎಲ್ಲೆಡೆ ಓದುತ್ತೀರಿ. ಆ ವರ್ಷದ ಕಾಯ್ದೆಯಲ್ಲಿ ಆಯುಧ ಮತ್ತು ಹೈಲ್ಯಾಂಡ್ ಉಡುಗೆಯ ಮಾತಿದೆ, ಪೈಪಿನ ಹೆಸರಿಲ್ಲ. ಹಾಗಿದ್ದೂ ಅದೇ ವರ್ಷ ಬಂಡಾಯಗಾರರ ಕಡೆಯ ಜೇಮ್ಸ್ ರೀಡ್ ಎಂಬ ಪೈಪರನ್ನು ಯಾರ್ಕ್‌ನಲ್ಲಿ ಗಲ್ಲಿಗೇರಿಸಿದರು. ತಾನು ಆಯುಧ ಹಿಡಿಯಲಿಲ್ಲ ಎಂದು ಅವನು ವಾದಿಸಿದರೆ, ಪೈಪರ್ ಇಲ್ಲದೆ ಹೈಲ್ಯಾಂಡ್ ದಳ ಹೊರಡುವುದೇ ಇಲ್ಲ, ಹಾಗಾಗಿ ಪೈಪೂ ಯುದ್ಧದ ಸಲಕರಣೆಯೇ ಎಂದಿತು ನ್ಯಾಯಾಲಯ. ನಿಜವಾದ ಸಂಗತಿಯೇ ಕಟ್ಟುಕಥೆಗಿಂತ ಕಟುವಾಗಿದೆ.

'ಫ್ಲವರ್ಸ್ ಆಫ್ ದ ಫಾರೆಸ್ಟ್' ಇಂಗ್ಲೆಂಡಿನ ಎದುರು ನಡೆದ 1513ರ ಫ್ಲಾಡನ್ ಯುದ್ಧದಲ್ಲಿ ಸತ್ತ ಸ್ಕಾಟ್ಲೆಂಡಿನವರಿಗಾಗಿ ಇರುವ ಶೋಕದ ಮಟ್ಟು. ಸಾವಿನ ಸಂದರ್ಭ, ಸ್ಮರಣೆಯ ದಿನ ಬಿಟ್ಟರೆ ಇದನ್ನು ಜನರೆದುರು ನುಡಿಸಬಾರದು ಎಂಬ ಕಟ್ಟುಪಾಡು ಪೈಪರುಗಳಲ್ಲಿದೆ. ಮುಂದೆ ನೀವೇನಾದರೂ ಕಲಿತರೆ ಮದುವೆ ಮನೆಯಲ್ಲಿ ಇದನ್ನು ಎತ್ತಿಕೊಳ್ಳಬೇಡಿ.

ನಮ್ಮ ಕಡೆಯ ಚರಿತ್ರೆಯೂ ಇದರಲ್ಲಿ ಸೇರಿಕೊಂಡಿದೆ. 1781ರ ಜುಲೈನಲ್ಲಿ ಪೋರ್ಟೊ ನೋವೊದಲ್ಲಿ, ಈಗಿನ ಪರಂಗಿಪೇಟೆಯಲ್ಲಿ, ಹೈದರ್ ಅಲಿಯ ಸೇನೆಯ ಎದುರು ಹೈಲ್ಯಾಂಡ್ ದಳದ ಪೈಪರುಗಳು ಇಡೀ ಕಾಳಗದ ಹೊತ್ತು ನುಡಿಸಿದರಂತೆ. ಅದಕ್ಕೆ ಮೆಚ್ಚಿ ಬ್ರಿಟಿಷ್ ಸೇನಾಪತಿ ಐರ್ ಕೂಟ್ ಬೆಳ್ಳಿಯ ಪೈಪಿಗೆಂದು 50 ಪೌಂಡ್ ಕೊಟ್ಟನೆಂದು ಆ ದಳದ ಕಥೆ ಹೇಳುತ್ತದೆ. ಅದಕ್ಕೂ ಹಿಂದಿನ ವರ್ಷ ಪೊಳ್ಳಿಲೂರಿನಲ್ಲಿ ಇದೇ ದಳದ ಒಂದು ತುಕಡಿ ಸೆರೆ ಸಿಕ್ಕಿ, ಅದರಲ್ಲಿ ಹಲವರು ಶ್ರೀರಂಗಪಟ್ಟಣದ ಸೆರೆಮನೆ ಸೇರಿದ್ದರು. ಸ್ಕಾಟ್ಲೆಂಡಿನ ಫಾಲ್‌ಕರ್ಕ್‌ನಲ್ಲಿ ಮೊದಲ ಪೈಪ್ ಸ್ಪರ್ಧೆ ನಡೆದದ್ದೂ 1781ರಲ್ಲೇ.

ಹೆಜ್ಜೆ 7: ನುಡಿಸುವ ಆಸೆ ಬಂದರೆ

ನೇರವಾಗಿ ಚೀಲದ ಪೈಪ್ ಕೊಳ್ಳಬೇಡಿ. ಎಲ್ಲರೂ ಶುರು ಮಾಡುವುದು ಪ್ರಾಕ್ಟೀಸ್ ಚಾಂಟರಿನಲ್ಲಿ. ಚೀಲವಿಲ್ಲ, ಡ್ರೋನಿಲ್ಲ, ಬಾಯಲ್ಲಿ ಊದುವ ಕೊಳವೆ ಮಾತ್ರ. ಪೈಪಿಗಿಂತ ಒಂದು ಸ್ಥಾಯಿ ಕೆಳಗೆ ಮೆಲ್ಲಗೆ ನುಡಿಯುತ್ತದೆ, ಪಕ್ಕದ ಮನೆಯವರಿಗೆ ತೊಂದರೆಯಿಲ್ಲ. ನಾನು ಮೊದಲು ಆನ್‌ಲೈನಿನಲ್ಲಿ ಕೊಂಡದ್ದು ನಯವಾದ ಮರದ, ಹೊಳೆಯುವ ಅಗ್ಗದ ಚಾಂಟರ್. ನೋಡಲು ಚಂದ, ಆದರೆ ಗಾಂಧಾರ ಎಂದೂ ಶ್ರುತಿಗೆ ಕೂರಲಿಲ್ಲ. ಮೂರು ತಿಂಗಳು ನನ್ನ ಬೆರಳೇ ಸರಿಯಿಲ್ಲ ಎಂದುಕೊಂಡಿದ್ದೆ. ಮೇರಠ್, ಸಿಯಾಲ್‌ಕೋಟ್‌ಗಳಲ್ಲಿ ಪೈಪ್ ತಯಾರಿಸುವ ಹಳೆಯ ಕಸುಬು ಇದೆ, ಒಳ್ಳೆಯದೂ ಇರುತ್ತದೆ, ಗೋಡೆಗೆ ತೂಗುಹಾಕಲು ಮಾಡಿದ್ದೂ ಇರುತ್ತದೆ. ಮಾರುವವರಿಂದ ಅದೇ ಚಾಂಟರ್ ನುಡಿಸಿದ ವಿಡಿಯೊ ತರಿಸಿಕೊಂಡು, ತಂಬೂರಿಯ ಜೊತೆ ಹೋಲಿಸಿದ ಮೇಲೆ ಹಣ ಕೊಡಿ. ಮರಕ್ಕಿಂತ ಪ್ಲಾಸ್ಟಿಕ್ ಚಾಂಟರೇ ಕಲಿಯುವವರಿಗೆ ಒಳ್ಳೆಯದು. ನಮ್ಮ ಮಳೆಗಾಲಕ್ಕೂ ಅದೇ ತಾಳುತ್ತದೆ.

ಎಡಗೈ ಮೇಲೆ, ಬಲಗೈ ಕೆಳಗೆ. ಕೊಳಲು ನುಡಿಸುವವರಂತೆ ಬೆರಳು ಚಾಚಿ, ತುದಿಯಿಂದಲ್ಲದೆ ಗೆಣ್ಣಿನ ಮೆತ್ತೆಯಿಂದ ತೂತು ಮುಚ್ಚಿ. ಒಂಬತ್ತು ಸ್ವರ ಸ್ಪಷ್ಟವಾಗುವವರೆಗೆ ಬೇರೇನೂ ಬೇಡ. ಸೇನೆಯಲ್ಲಿ ಪೈಪ್ ನುಡಿಸಿ ನಿವೃತ್ತರಾದವರು ನಮ್ಮ ಊರುಗಳಲ್ಲಿ ಸಿಗುತ್ತಾರೆ. ಅಂಥವರ ಎದುರು ಕೂತು ಕಲಿಯುವ ಅವಕಾಶ ಸಿಕ್ಕರೆ ಬಿಡಬೇಡಿ. 'ಸರ್, ಬೆರಳು ನೋಡಿ ಹೇಳಿ' ಎಂದು ಕೇಳಿ. ಬಹಳ ಪ್ರೀತಿಯಿಂದ ತಿದ್ದುತ್ತಾರೆ.

ಹೈಲ್ಯಾಂಡ್ ಪೈಪಿನಲ್ಲಿ ಕಿವಿ ಪಳಗಿದ ಮೇಲೆ ಬೇರೆ ಪೈಪುಗಳ ಕಡೆ ಹೊರಳಬಹುದು. ಇಂಗ್ಲೆಂಡಿನ ನಾರ್ತಂಬರ್‌ಲ್ಯಾಂಡಿನಲ್ಲಿ ವಿಲಿಯಂ ಡಿಕ್ಸನ್ ಎಂಬವನು 1733ರಲ್ಲಿ ಬರೆದಿಟ್ಟ ಕುಣಿತದ ಮಟ್ಟುಗಳಿವೆ. ಐರ್ಲೆಂಡಿನ ಇಲ್ಲನ್ ಪೈಪಿಗೆ ಬಾಯಿಂದ ಊದುವ ಕೆಲಸವಿಲ್ಲ, ಮೊಣಕೈಯ ತಿದಿಯಿಂದ ಗಾಳಿ, ಎರಡು ಸ್ಥಾಯಿ ಸ್ವರ. ಬಲ್ಗೇರಿಯಾದ ರೊಡೊಪಿ ಬೆಟ್ಟಗಳ ಕಬಾ ಗೈದಾದ ತಗ್ಗು ದನಿ 1977ರಲ್ಲಿ ವಾಯೇಜರ್ ನೌಕೆಯ ಚಿನ್ನದ ಧ್ವನಿಮುದ್ರಿಕೆಯಲ್ಲಿ ಬಾಹ್ಯಾಕಾಶಕ್ಕೆ ಹೋಗಿದೆ, ಒಬ್ಬ ಹೆಣ್ಣುಮಗಳ ಹಾಡಿನ ಜೊತೆ.

ಕೊನೆಯದಾಗಿ ಶುಚಿಯ ವಿಷಯ, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಒದ್ದೆ ಪೈಪಿನೊಳಗೆ ಬೂಷ್ಟು ಬೆಳೆಯುತ್ತದೆ. ಅದನ್ನು ಉಸಿರಾಡಿ ಶ್ವಾಸಕೋಶ ಕೆಟ್ಟು ಬ್ರಿಟನ್ನಿನಲ್ಲಿ ಪೈಪರೊಬ್ಬರು ತೀರಿಕೊಂಡದ್ದನ್ನು 2016ರಲ್ಲಿ ವೈದ್ಯರು ವರದಿ ಮಾಡಿದ್ದಾರೆ. ನುಡಿಸಿದ ಮೇಲೆ ಚಾಂಟರನ್ನು ಬಿಚ್ಚಿ, ಪೀಪಿಯನ್ನು ಹೊರತೆಗೆದು, ಒಳಗೆ ಒಣ ಬಟ್ಟೆ ಹಾಯಿಸಿ. ಗಾಳಿಯಾಡುವ ಕಡೆ ರಾತ್ರಿಯೆಲ್ಲ ಬಿಡಿ, ಬಿಸಿಲಿಗೆ ಮಾತ್ರ ಇಡಬೇಡಿ. ಪೀಪಿ ಪೂರ್ತಿ ಒಣಗಿದ ಮೇಲೆಯೇ ಡಬ್ಬಿಗೆ ಹಾಕಿ.